ಅಪೂರ್ಣಮಾಸ ಶಿಶುಗಳ ವೇದನೆಯೂ ಅದರ ಉಪಶಮನವೂ

ಸಂಸ್ಕೃತದಲ್ಲಿ ನೋವಿಗೆ ಇರುವ ಹೆಸರುಗಳಲ್ಲಿ ‘ವೇದನಾ’ ಎಂಬುದು ವಿಶೇಷ ವಿಚಾರಕ್ಕೆ ಅರ್ಹವಾದದ್ದು. ರುಜಾ ಎಂಬಲ್ಲಿ ಒಡೆಯುವ ಭಾವವಿದೆ; ಪೀಡೆ ಎಂಬಲ್ಲಿ ಹಿಂಡುವುದು, ವ್ಯಥೆ ಎಂಬಲ್ಲಿ ನಡುಗುವುದು, ಶೂಲೆ ಎಂಬಲ್ಲಿ ಚುಚ್ಚುವುದು. ವೇದನೆಯಾದರೋ ‘ತಿಳಿ’ ಎಂಬ ಅರ್ಥದ ವಿದ್ ಧಾತುವಿನಿಂದ ಹುಟ್ಟಿದ್ದು. ಬೌದ್ಧಗ್ರಂಥಗಳಲ್ಲಿ ಸುಖವೂ ಒಂದು ವೇದನೆಯೇ. ಕನ್ನಡದ ‘ನೋವು’ ಎಂಬ ಪದಕ್ಕಾಗಲಿ ಅದರ ಮೂಲವಾದ ‘ನೋ’ ಎಂಬ ಕ್ರಿಯಾಪದಕ್ಕಾಗಲಿ ತಿಳಿವಿನ ಸಂಬಂಧವಿಲ್ಲ. ಮೈಗೆ ಆದದ್ದನ್ನು ಅದು ನೇರವಾಗಿ ಹೇಳುತ್ತದೆ. ಸಂಸ್ಕೃತಪದವು ಮಾತ್ರ ಅನುಭವಿಸುವವನ ಅರಿವನ್ನು ತನ್ನೊಳಗೆ ಇಟ್ಟುಕೊಂಡಿದೆ. ಹೀಗಿರಲಾಗಿ, ಅರಿವು ಉಂಟೋ ಇಲ್ಲವೋ ಎಂದು ಹೊರಗಿನವರು ಸಂದೇಹಪಡುವ ಜೀವಕ್ಕೆ ವೇದನೆಯುಂಟೆಂದು ಹೇಳಬಹುದೆ? ಉಂಟಾದರೆ, ಬಾಯಿಂದ ಹೇಳಲಾರದ ಅದರ ವೇದನೆಯನ್ನು ಇನ್ನೊಬ್ಬನು ತಿಳಿಯುವುದು ಹೇಗೆ? ಇವು ಶಾಸ್ತ್ರಚರ್ಚೆಗೆ ಮಾತ್ರ ಒದಗುವ ಪ್ರಶ್ನೆಗಳಂತೆ ಕಾಣಬಹುದು. ಆದರೆ ಇವುಗಳಿಗೆ ತಪ್ಪು ಉತ್ತರವನ್ನು ಕೊಟ್ಟುಕೊಂಡಿದ್ದ ಫಲವಾಗಿ, ಕಳೆದ ಶತಮಾನದ ಎಂಟನೆಯ ಒಂಬತ್ತನೆಯ ದಶಕಗಳವರೆಗೂ, ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಎಳೆಗೂಸುಗಳ ಮೈಯನ್ನು ನೋವುಮರೆಸುವ ಔಷಧಿಯಿಲ್ಲದೆ ಕೊಯ್ಯುತ್ತಿದ್ದರು.

ಗರ್ಭವು 37 ವಾರಗಳನ್ನು ತುಂಬುವ ಮೊದಲೇ ಹುಟ್ಟಿದ ಶಿಶುವನ್ನು ಇಂದಿನ ವೈದ್ಯರು ಅಪೂರ್ಣಮಾಸವೆಂದು ಗಣಿಸುತ್ತಾರೆ. ನಮ್ಮ ಮನೆಗಳ ಮಾತಿನಲ್ಲಿ ಇದೇ ದಿನ ತುಂಬದ ಕೂಸು. 28 ವಾರಗಳಿಗೂ ಮುಂಚೆ ಹುಟ್ಟಿದವು ಅತ್ಯಂತ ಅಪಕ್ವವಾದವು. 2020ನೆಯ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 134 ಲಕ್ಷ ಶಿಶುಗಳು ಹೀಗೆ ಹುಟ್ಟಿದುವೆಂದೂ ಅವುಗಳಲ್ಲಿ ಸುಮಾರು 30 ಲಕ್ಷ ಭಾರತದಲ್ಲಿಯೇ ಎಂದೂ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳ ಗಣನೆಯಿಂದ ತಿಳಿದುಬರುತ್ತದೆ. ಹಿಂದೆ ಇಂತಹ ಕೂಸುಗಳಲ್ಲಿ ಬಹುಪಾಲು ಉಳಿಯುತ್ತಿರಲಿಲ್ಲ. ಈಗ ಅನೇಕವು ಉಳಿಯುತ್ತವೆ. ಉಳಿಸುವುದಕ್ಕೆ ಮಾಡಬೇಕಾದ ಉಪಚಾರಗಳೇ ನೋವಿಗೆ ಕಾರಣವಾಗುತ್ತಿರುವುದು ಈ ವಿಷಯದ ತೊಡಕು. ರಕ್ತಪರೀಕ್ಷೆಗಾಗಿ ಹಿಮ್ಮಡಿಯನ್ನು ಚುಚ್ಚಿ ಹಿಂಡುವುದು, ಕೂದಲೆಳೆಯಷ್ಟು ತೆಳುವಾದ ರಕ್ತನಾಳಕ್ಕೆ ಸೂಜಿ ಹಾಕುವುದು, ಉಸಿರಾಟದ ನಳಿಕೆಯೊಳಗಿನ ಕಫವನ್ನು ಹೀರಿ ತೆಗೆಯುವುದು, ಬೆನ್ನುಹುರಿಯ ಸುತ್ತಲ ನೀರನ್ನು ತೆಗೆಯುವುದು, ಕಣ್ಣಿನ ಒಳಪಟಲವನ್ನು ಪರೀಕ್ಷಿಸಲು ರೆಪ್ಪೆಗಳನ್ನು ಸಲಕರಣೆಯಿಂದ ಅಗಲಿಸಿ ಹಿಡಿಯುವುದು — ಇವೆಲ್ಲ ನಿತ್ಯವಿಧಿಗಳು. ಅಂಟುಪಟ್ಟಿಯನ್ನು ಕೀಳುವುದು ದೊಡ್ಡವರಿಗೆ ಗಣನೆಗೆ ಬಾರದ ಕೆಲಸ. 26 ವಾರಗಳ ಶಿಶುವಿನ ಚರ್ಮವಾದರೋ ಪಟ್ಟಿಯೊಡನೆ ಕಿತ್ತುಬರುವಷ್ಟು ತೆಳುವಾಗಿರುತ್ತದೆ.

ಇವು ಎಷ್ಟು ಸಲ ನಡೆಯುತ್ತವೆ ಎಂಬುದನ್ನು ಫ್ರಾನ್ಸ್ ದೇಶದ ರಿಕಾರ್ಡೊ ಕಾರ್ಬಾಖಾಲ್ ಮತ್ತು ಅವರ ಸಂಗಡಿಗರು ಎಣಿಸಿ 2008ರಲ್ಲಿ ಪ್ರಕಟಿಸಿದರು. ಪ್ಯಾರಿಸ್ ಪ್ರಾಂತದ 13 ಚಿಕಿತ್ಸಾಕೇಂದ್ರಗಳಲ್ಲಿದ್ದ 430 ನವಜಾತ ಶಿಶುಗಳ ಮೊದಲ ಹದಿನಾಲ್ಕು ದಿನಗಳನ್ನು ಹಾಸಿಗೆಯ ಪಕ್ಕದಲ್ಲಿಯೇ ಲೆಕ್ಕವಿಟ್ಟಾಗ, ಮಧ್ಯಮಪ್ರಮಾಣದಲ್ಲಿ ಒಂದು ಶಿಶುವಿಗೆ ದಿನಕ್ಕೆ ಹತ್ತು ನೋವಿನ ವಿಧಿಗಳು, ಒಟ್ಟಿನಲ್ಲಿ ಎಪ್ಪತ್ತೈದು, ನಡೆದಿದ್ದುದು ಕಂಡಿತು. ಅಂತಹ ವಿಧಿಗಳಲ್ಲಿ ನೂರಕ್ಕೆ 79ನ್ನು ಆ ನೋವಿಗೆಂದೇ ಉದ್ದೇಶಿಸಿದ ಯಾವ ಉಪಶಮನವೂ ಇಲ್ಲದೆ ಮಾಡಲಾಗಿತ್ತು. ಈ ಎಣಿಕೆ ನಡೆದದ್ದು ಶಿಶುಗಳಿಗೆ ನೋವಿದೆಯೆಂದು ವೈದ್ಯಲೋಕವು ಒಪ್ಪಿಕೊಂಡು ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ ಎಂಬುದನ್ನು ಗಮನಿಸಬೇಕು. ಸಿದ್ಧಾಂತವು ಗ್ರಂಥವನ್ನು ಸೇರಿದಷ್ಟು ಬೇಗ ಕೈಯನ್ನು ಸೇರುವುದಿಲ್ಲ.

ಒಪ್ಪದೆ ಇದ್ದುದಕ್ಕೆ ಕಾರಣವೇನು? ವೈದ್ಯರು ನಿರ್ದಯರಾಗಿದ್ದರೆಂದು ಹೇಳುವುದು ನ್ಯಾಯವಲ್ಲ. ಅವರ ಮುಂದೆ ಒಂದು ಶಾಸ್ತ್ರೀಯ ತರ್ಕವಿದ್ದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಪಾಲ್ ಫ್ಲೆಕ್ಸಿಗ್ ಎಂಬ ಪಂಡಿತನು ನರತಂತುಗಳ ಸುತ್ತಲಿನ ಕೊಬ್ಬಿನ ಕವಚವು ಶಿಶುವು ಹುಟ್ಟಿದ ಮೇಲೂ ಕ್ರಮಕ್ರಮವಾಗಿ ಬೆಳೆಯುತ್ತಿರುತ್ತದೆಂದು ತೋರಿಸಿದನು. ಕವಚವಿಲ್ಲದ ನರವು ಅಪಕ್ವ, ಅಪಕ್ವ ನರವು ಕೆಲಸ ಮಾಡಲಾರದು, ಆದಕಾರಣ ಶಿಶುವಿಗೆ ನೋವಿನ ಅರಿವಿಲ್ಲ ಎಂದು ಅನಂತರದವರು ಅದರಿಂದ ಅನುಮಾನಿಸಿದರು. 1941ರಲ್ಲಿ ಅಮೆರಿಕದ ಮರ್ಟಲ್ ಮೆಗ್ರಾ ಎಂಬವರು ಸೂಜಿಯ ಮೊನೆಗೆ ಶಿಶುಗಳು ತೋರುವ ಪ್ರತಿಕ್ರಿಯೆಯನ್ನು ಪರೀಕ್ಷಿಸಿ, ಹುಟ್ಟಿದ ಹೊಸತರಲ್ಲಿ ಅದು ಮಿದುಳಿನ ಮೇಲುಪದರದ ವ್ಯಾಪಾರವಲ್ಲವೆಂಬ ನಿರ್ಣಯಕ್ಕೆ ಬಂದದ್ದು ಈ ಅನುಮಾನಕ್ಕೆ ಬಲವನ್ನು ಕೊಟ್ಟಿತು. ತರ್ಕಶಾಸ್ತ್ರವನ್ನು ಬಲ್ಲವರಿಗೆ ಇದರ ದೋಷ ಕೂಡಲೇ ಕಾಣುತ್ತದೆ: ಇಲ್ಲಿ ಹೇತುವಿಗೂ ಸಾಧ್ಯಕ್ಕೂ ವ್ಯಾಪ್ತಿಯಿಲ್ಲ. ದೊಡ್ಡವರಲ್ಲಿಯೂ ನೋವನ್ನು ಒಯ್ಯುವ ತಂತುಗಳಲ್ಲಿ ಬಹುಭಾಗವು ಕವಚವಿಲ್ಲದವೇ. ಉಳಿದವುಗಳಿಗೂ ಇರುವುದು ತೆಳುವಾದ ಕವಚ. ಕವಚದ ಅಭಾವವು ಸುದ್ದಿಯ ವೇಗವನ್ನು ತಗ್ಗಿಸುತ್ತದೆ, ಸುದ್ದಿಯನ್ನು ತಡೆಯುವುದಿಲ್ಲ. ಶಿಶುವಿನ ಮೈಯಲ್ಲಿ ಸುದ್ದಿ ನಡೆಯಬೇಕಾದ ದೂರವಾದರೂ ಎಷ್ಟು? ಒಂದೆರಡು ಗೇಣು.

ಈ ತರ್ಕಕ್ಕೆ ಒಂದು ಭಯವೂ ಜೊತೆಗೂಡಿತ್ತು. ನೋವುಮರೆಸುವ ಔಷಧಿಗಳು ದುರ್ಬಲ ಶಿಶುವಿನ ಉಸಿರನ್ನು ನಿಲ್ಲಿಸಬಹುದೆಂಬ ಆ ಭಯವು ಆಧಾರವಿಲ್ಲದ್ದಲ್ಲ. ಆದ್ದರಿಂದ ಶಸ್ತ್ರಕ್ರಿಯೆಯ ಕಾಲದಲ್ಲಿ ಮೈಯನ್ನು ಅಲುಗದಂತೆ ಮಾಡುವ ಔಷಧಿಯನ್ನೂ ಅತ್ಯಲ್ಪವಾದ ಅರಿವಳಿಕೆಯನ್ನೂ ಕೊಟ್ಟು ಎದೆಯನ್ನು ತೆರೆಯುವ ಪದ್ಧತಿ ನಡೆದುಬಂದಿತು. ಅಲುಗದಂತೆ ಮಾಡುವ ಔಷಧಿಯು ಚಲನೆಯನ್ನು ಮಾತ್ರ ಕಳೆಯುತ್ತದೆ, ಅರಿವನ್ನಲ್ಲ. 1985ರಲ್ಲಿ ಅಮೆರಿಕದಲ್ಲಿ ಹೀಗೆ ಶಸ್ತ್ರಕ್ರಿಯೆಗೆ ಒಳಗಾದ ಅಪೂರ್ಣಮಾಸ ಶಿಶುವೊಂದು ಕೆಲವು ವಾರಗಳಲ್ಲಿ ತೀರಿಹೋಗಿ, ಅದರ ತಾಯಿ ನಡೆದ ಸಂಗತಿಯನ್ನು ಕೇಳಿ ತಿಳಿದು ಬಹಿರಂಗಪಡಿಸಿದಾಗ ಆ ದೇಶದ ಜನರು ಬೆಚ್ಚಿಬಿದ್ದರು.

ಶಾಸ್ತ್ರದೊಳಗಿನಿಂದ ಪೆಟ್ಟು ಬಿದ್ದುದು 1987ರಲ್ಲಿ. ಇಂದೋರಿನಲ್ಲಿ ವೈದ್ಯವನ್ನು ಕಲಿತು ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್ ಎಂಬ ಭಾರತೀಯ ವೈದ್ಯರು, ಹೃದಯದ ಬಳಿಯ ರಕ್ತನಾಳವೊಂದನ್ನು ಕಟ್ಟುವ ಶಸ್ತ್ರಕ್ರಿಯೆಗೆ ಬಂದ ಅಪೂರ್ಣಮಾಸ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೂಢಿಯ ಅಲ್ಪ ಅರಿವಳಿಕೆಯನ್ನೂ ಇನ್ನೊಂದಕ್ಕೆ ಅದರ ಜೊತೆಗೆ ಫೆಂಟನಿಲ್ ಎಂಬ ಪ್ರಬಲ ವೇದನಾಹರವನ್ನೂ ಕೊಟ್ಟು ನೋಡಿದರು. ವೇದನಾಹರವಿಲ್ಲದ ಗುಂಪಿನಲ್ಲಿ ಸಂಕಟಕಾಲದಲ್ಲಿ ಶರೀರವು ಸುರಿಸುವ ರಸಗಳು ಬಹಳವಾಗಿ ಏರಿದ್ದುವು. ಶಸ್ತ್ರಕ್ರಿಯೆಯ ಅನಂತರದ ತೊಂದರೆಗಳೂ ಆ ಗುಂಪಿನಲ್ಲಿಯೇ ಹೆಚ್ಚು. ಔಷಧಿಯೇ ಅಪಾಯವೆಂದು ಭಾವಿಸಿದ್ದವರ ಎದುರಿಗೆ, ಅದಿಲ್ಲದಿರುವುದೂ ಅಪಾಯವೆಂಬುದಕ್ಕೆ ಪ್ರಮಾಣ ಒದಗಿತು. ಅದೇ ವರ್ಷ ಅಮೆರಿಕದ ಶಿಶುವೈದ್ಯರ ಅಕಾಡೆಮಿಯು ನವಜಾತರಿಗೂ ಅರಿವಳಿಕೆ ಕೊಡತಕ್ಕದ್ದೆಂದು ಪ್ರಕಟಿಸಿತು.

ಭಾಷೆಯ ವಿಚಾರದಲ್ಲಿ ಆಸಕ್ತಿಯುಳ್ಳವರು ಗಮನಿಸಬೇಕಾದ ಇನ್ನೊಂದು ಸಂಗತಿ ಇಲ್ಲಿದೆ. ವೇದನೆಯ ಅಧ್ಯಯನಕ್ಕಾಗಿ ಏರ್ಪಟ್ಟ ಅಂತಾರಾಷ್ಟ್ರೀಯ ಸಂಘವು 1979ರಲ್ಲಿ ಅಂಗೀಕರಿಸಿದ ಲಕ್ಷಣವಾಕ್ಯದಲ್ಲಿ, ಅಂಗಹಾನಿಯ ಮಾತಿನಲ್ಲಿ ‘ವರ್ಣಿಸಲ್ಪಡುವ’ ಅನುಭವವೆಂಬ ಅಂಶವು ಸೇರಿತ್ತು. ನೋವೆಂಬ ಪದದ ಪ್ರಯೋಗವನ್ನು ಪ್ರತಿಯೊಬ್ಬನೂ ಬಾಲ್ಯದ ಗಾಯಗಳಿಂದ ಕಲಿಯುತ್ತಾನೆಂದು ಅದಕ್ಕೆ ವಿವರಣೆಯೂ ಇತ್ತು. ಹಾಗಾದರೆ ಪದವನ್ನು ಇನ್ನೂ ಕಲಿಯದವನ ಗತಿಯೇನು? ಲಕ್ಷಣಕ್ಕೆ ಅವ್ಯಾಪ್ತಿದೋಷ ಬಂದಿತು. ಆನಂದರೂ ಕೆನಡದ ಕೆನೆತ್ ಕ್ರೇಗರೂ 1996ರಲ್ಲಿ ಈ ದೋಷವನ್ನು ಎತ್ತಿ ತೋರಿಸಿದರು. 2020ರಲ್ಲಿ ಸಂಘವು ಲಕ್ಷಣವನ್ನು ತಿದ್ದಿ, ಮಾತಿನ ವರ್ಣನೆಯು ವೇದನೆಯನ್ನು ಪ್ರಕಟಿಸುವ ಹಲವು ಮಾರ್ಗಗಳಲ್ಲಿ ಒಂದು ಮಾತ್ರವೆಂದೂ, ತಿಳಿಸಲಾರದಿರುವುದರಿಂದ ವೇದನೆಯಿಲ್ಲವೆಂದು ಸಿದ್ಧವಾಗದೆಂದೂ ಸ್ಪಷ್ಟಪಡಿಸಿತು.

ಮಾತನಾಡದ ಮಗುವಿನ ವೇದನೆಯನ್ನು ತಿಳಿಯುವ ಬಗೆ ನಮ್ಮ ಪ್ರಾಚೀನರಿಗೆ ಹೊಸದಾಗಿರಲಿಲ್ಲ. ನೇಪಾಳದಲ್ಲಿ ತಾಳೆಯೋಲೆಯ ರೂಪದಲ್ಲಿ ದೊರೆತು 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಹೊರಬಂದ ಕಾಶ್ಯಪಸಂಹಿತೆಯು ಬಾಲರೋಗಗಳಿಗೆಂದೇ ಮೀಸಲಾದ ತಂತ್ರ. ಪ್ರತಿಯು ಖಂಡಿತವಾಗಿದ್ದರೂ ಅದರ ಸೂತ್ರಸ್ಥಾನದಲ್ಲಿ ವೇದನಾಧ್ಯಾಯವೆಂಬ ಭಾಗವು ಉಳಿದುಬಂದಿದೆ. ಹೇಳಲಾರದ ಬಾಲಕರ ವೇದನೆಗಳನ್ನು ವೈದ್ಯನು ತಿಳಿಯುವುದು ಹೇಗೆಂಬುದೇ ಅಲ್ಲಿ ವೃದ್ಧಜೀವಕನ ಪ್ರಶ್ನೆ. ತಲೆನೋವಿನಲ್ಲಿ ಶಿಶುವು ತಲೆಯನ್ನು ಬಹಳವಾಗಿ ಅಲುಗಿಸುತ್ತದೆ, ಕಣ್ಣುಗಳನ್ನು ಮುಚ್ಚಿಕೊಳ್ಳುತ್ತದೆ, ನರಳುತ್ತದೆ, ನಿದ್ರೆಮಾಡದು. ಕಿವಿಯ ನೋವಿನಲ್ಲಿ ಕೈಗಳಿಂದ ಕಿವಿಗಳನ್ನು ಮುಟ್ಟಿಕೊಳ್ಳುತ್ತದೆ. ಬಾಯಿಯ ರೋಗದಲ್ಲಿ ಜೊಲ್ಲು ಸುರಿಸುತ್ತ ಮೊಲೆಯನ್ನು ದ್ವೇಷಿಸುತ್ತದೆ — ಹೀಗೆ ಒಂದೊಂದು ರೋಗಕ್ಕೂ ಚಿಹ್ನೆಗಳನ್ನು ಕಶ್ಯಪನು ಹೇಳುತ್ತ ಹೋಗುತ್ತಾನೆ. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿಯೂ, ಅಳುವಿನ ತೀವ್ರತೆಯಿಂದ ನೋವಿನ ತೀವ್ರತೆಯನ್ನು ಅಳೆಯಬೇಕೆಂದೂ, ಶಿಶುವು ಪದೇ ಪದೇ ಮುಟ್ಟಿಕೊಳ್ಳುವ ಮತ್ತು ಪರರು ಮುಟ್ಟಿದರೆ ಸಹಿಸದ ಜಾಗವೇ ನೋವಿನ ಸ್ಥಾನವೆಂದೂ ಹೇಳಿದೆ.

ಇಷ್ಟರಿಂದ, ಇಂದಿನವರು ಕಂಡದ್ದೆಲ್ಲ ಹಿಂದಿನವರಿಗೆ ತಿಳಿದಿತ್ತೆಂದು ಹಿಗ್ಗುವವರು ದುಡುಕುತ್ತಾರೆ. ವಾಗ್ಭಟನ ಸೂತ್ರವು ದಿನ ತುಂಬಿದ ಕೂಸಿಗೆ ಸಲ್ಲುತ್ತದೆ. ದಿನ ತುಂಬದ ಕೂಸಿಗೆ ಕೈಯನ್ನು ಕಿವಿಯವರೆಗೆ ಎತ್ತುವ ಶಕ್ತಿಯಿಲ್ಲ. ಗಂಟಲಿನಲ್ಲಿ ನಳಿಕೆಯಿದ್ದರೆ ಅಳುವಿಗೆ ದನಿಯಿಲ್ಲ. ನೋವು ಹೆಚ್ಚಾದಾಗ ಅದು ಒದ್ದಾಡುವ ಬದಲು ಕೈಕಾಲು ಚೆಲ್ಲಿ ಸುಮ್ಮನಾಗಿಬಿಡುವುದೂ ಉಂಟು. ಅಳುವಿನಿಂದ ಅಳೆಯಹೊರಟವನು ಇಲ್ಲಿ ಮೋಸಹೋಗುತ್ತಾನೆ. ಕೆನಡದ ಬಾನಿ ಸ್ಟೀವನ್ಸ್ ಮತ್ತು ಅವರ ಜೊತೆಯವರು 1996ರಲ್ಲಿ ಪ್ರಕಟಿಸಿದ ಮಾಪನಕ್ರಮವು ಈ ತೊಡಕನ್ನು ಜಾಣತನದಿಂದ ಪರಿಹರಿಸುತ್ತದೆ. ಹುಬ್ಬಿನ ನಡುವಿನ ಉಬ್ಬು, ಕಣ್ಣುಗಳ ಬಿಗಿತ, ಮೂಗಿನ ಪಕ್ಕದಿಂದ ತುಟಿಯ ಕಡೆಗೆ ಇಳಿಯುವ ಗೆರೆ ಎಂಬ ಮೂರು ಮುಖಚಿಹ್ನೆಗಳು. ಹೃದಯದ ಬಡಿತದ ಏರಿಕೆ, ರಕ್ತದಲ್ಲಿನ ಆಮ್ಲಜನಕದ ಇಳಿಕೆ ಎಂಬ ಎರಡು ದೇಹಚಿಹ್ನೆಗಳು. ಇವುಗಳೊಂದಿಗೆ ಶಿಶುವಿನ ಗರ್ಭವಯಸ್ಸು ಮತ್ತು ಚುಚ್ಚುವ ಮೊದಲು ಅದು ಎಚ್ಚರವಾಗಿತ್ತೋ ನಿದ್ರಿಸುತ್ತಿತ್ತೋ ಎಂಬುದು. ಒಟ್ಟು ಏಳು ಅಂಶಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ. ವಯಸ್ಸು ಕಡಿಮೆಯಾದಷ್ಟೂ ಅಂಕ ಹೆಚ್ಚು. ನೋವನ್ನು ತೋರಿಸುವ ಬಲವು ಯಾರಲ್ಲಿ ಕಡಿಮೆಯೋ ಅವರ ಸ್ವಲ್ಪ ಸೂಚನೆಗೇ ಹೆಚ್ಚು ಬೆಲೆ ಕೊಡತಕ್ಕದ್ದೆಂಬುದು ಇದರ ತತ್ತ್ವ. ಧ್ವನಿಯನ್ನು ಬಲ್ಲ ಕಾವ್ಯಮೀಮಾಂಸಕರಿಗೆ ಇದು ಅಪರಿಚಿತವೆನಿಸಲಾರದು. 2014ರಲ್ಲಿ ಈ ಕ್ರಮವನ್ನು ತಿದ್ದಿ, ಚಿಹ್ನೆಗಳಲ್ಲಿ ಯಾವುದಾದರೂ ಕಂಡರೆ ಮಾತ್ರ ವಯಸ್ಸಿನ ಅಂಕವನ್ನು ಕೂಡಿಸಬೇಕೆಂದು ಮಾಡಿದರು.

ನೋವು ಕಡಿಮೆ ತೋರುತ್ತದೆಂದರೆ ಕಡಿಮೆ ಇದೆಯೆಂದಲ್ಲ; ಹೆಚ್ಚೇ ಇರಬಹುದೆಂಬುದಕ್ಕೆ ಶರೀರರಚನೆಯಲ್ಲಿ ಕಾರಣವಿದೆ. ದೊಡ್ಡವರಲ್ಲಿ ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ಕೆಲವು ಮಾರ್ಗಗಳು ಏರಿಬರುವ ನೋವಿನ ಸುದ್ದಿಯನ್ನು ಹತ್ತಿಕ್ಕುತ್ತವೆ. ಏರುವ ದಾರಿಯು ಮೊದಲು ಸಿದ್ಧವಾಗುತ್ತದೆ, ಹತ್ತಿಕ್ಕುವ ಈ ದಾರಿ ತಡವಾಗಿ ಬಲಿಯುತ್ತದೆ. ಲಂಡನ್ನಿನ ಮಾರಿಯ ಫಿಟ್ಸ್‌ಜೆರಾಲ್ಡ್ ಮತ್ತು ಸಹಾಯಕರು 1988–89ರಲ್ಲಿ ಕಂಡಂತೆ, ಗರ್ಭವಯಸ್ಸು ಕಡಿಮೆಯಾದಷ್ಟೂ ಅಲ್ಪ ಸ್ಪರ್ಶಕ್ಕೇ ಶಿಶುವು ಕಾಲನ್ನು ಸೆಳೆದುಕೊಳ್ಳುತ್ತದೆ. ಪದೇ ಪದೇ ಚುಚ್ಚಿಸಿಕೊಂಡ ಹಿಮ್ಮಡಿಯು ಇನ್ನೊಂದು ಕಾಲಿನ ಹಿಮ್ಮಡಿಗಿಂತ ಸೂಕ್ಷ್ಮವಾಗಿರುತ್ತದೆ. 2006ರಲ್ಲಿ ರೆಬೆಕ ಸ್ಲೇಟರ್ ಮೊದಲಾದವರು ಹಿಮ್ಮಡಿಯನ್ನು ಚುಚ್ಚಿದಾಗ ಮಿದುಳಿನ ಮೇಲುಪದರದಲ್ಲಿ ಆಗುವ ರಕ್ತದ ಬದಲಾವಣೆಯನ್ನು ಬೆಳಕಿನ ಕಿರಣಗಳಿಂದ ಅಳೆದು, 25 ವಾರಗಳಷ್ಟು ಎಳೆಯ ಶಿಶುವಿನಲ್ಲಿಯೂ ಅದನ್ನು ಕಂಡರು. ಮೆಗ್ರಾ ಅವರ ನಿರ್ಣಯವು ಅಲ್ಲಿಗೆ ನಿಲ್ಲದಾಯಿತು. ಬಹಳ ನೋವುಂಡ ಶಿಶುಗಳ ಮಿದುಳಿನ ಬೆಳವಣಿಗೆಯಲ್ಲಿ ಕೊರತೆ ಕಾಣುವುದೆಂದು ಅನಂತರದ ಕೆಲವು ಅಧ್ಯಯನಗಳು ಹೇಳುತ್ತವೆ; ಹೆಚ್ಚು ಚುಚ್ಚಿಸಿಕೊಂಡವು ಹೆಚ್ಚು ರೋಗಿಗಳೂ ಆಗಿರುವುದರಿಂದ ಕಾರಣವನ್ನು ಬೇರ್ಪಡಿಸುವುದು ಸುಲಭವಲ್ಲ.

ಇನ್ನು ಉಪಶಮನದ ವಿಚಾರ. ಎಲ್ಲಕ್ಕಿಂತ ಮೊದಲಿನದು ಚುಚ್ಚದಿರುವುದು. ಬೇಕೇಬೇಕಾದ ಪರೀಕ್ಷೆಗಳನ್ನಷ್ಟೇ ಮಾಡಿ, ಒಂದೇ ಸಲ ತೆಗೆದ ರಕ್ತದಿಂದ ಹಲವನ್ನು ಮುಗಿಸುವುದು; ಕೈಯಿಂದ ತಿವಿಯುವ ಮೊನೆಗಿಂತ ಒಳಗೆ ಸ್ಪ್ರಿಂಗ್ ಇರುವ ಚಿಕ್ಕ ಸಲಕರಣೆಯನ್ನು ಬಳಸುವುದು. ಪಳಗಿದ ಕೈಯಾದರೆ ಹಿಮ್ಮಡಿಯನ್ನು ಚುಚ್ಚಿ ಹಿಂಡುವುದಕ್ಕಿಂತ ರಕ್ತನಾಳದಿಂದ ನೇರವಾಗಿ ತೆಗೆಯುವುದೇ ಕಡಿಮೆ ನೋವಿನದೆಂದು ದಿನ ತುಂಬಿದ ಶಿಶುಗಳಲ್ಲಿ ಸಿದ್ಧವಾಗಿದೆ.

ಇದಾದ ಮೇಲೆ ಬರುವುದು ಸಿಹಿ. 1991ರಲ್ಲಿ ಅಮೆರಿಕದ ಎಲಿಯಟ್ ಬ್ಲಾಸ್ ಮತ್ತು ಹಾಫ್‌ಮೇಯರ್ ಎಂಬವರು ಸಕ್ಕರೆಯ ನೀರನ್ನು ಕುಡಿದ ನವಜಾತರು ಚುಚ್ಚಿದಾಗ ಕಡಿಮೆ ಅಳುತ್ತಾರೆಂದು ತೋರಿಸಿದಂದಿನಿಂದ ಇದರ ಮೇಲೆ ನೂರಾರು ಪರೀಕ್ಷೆಗಳು ನಡೆದಿವೆ. ನೂರಕ್ಕೆ 24 ಭಾಗ ಸಕ್ಕರೆಯ ದ್ರವವನ್ನು, ಅತಿ ಚಿಕ್ಕ ಶಿಶುವಿಗಾದರೆ ಕೆಲವೇ ಹನಿಗಳನ್ನು, ಚುಚ್ಚುವುದಕ್ಕೆ ಸುಮಾರು ಎರಡು ನಿಮಿಷ ಮೊದಲು ನಾಲಿಗೆಯ ಮುಂಭಾಗಕ್ಕೆ ಹಾಕುವುದು ರೂಢಿ. ಚೀಪುವ ರಬ್ಬರ್ ತೊಟ್ಟನ್ನೂ ಜೊತೆಗೆ ಕೊಟ್ಟರೆ ಗುಣ ಹೆಚ್ಚು. ಗುಣವಿರುವುದು ರುಚಿಯಲ್ಲಿ, ನಾಲಿಗೆಗೆ ತಗಲದಂತೆ ನಳಿಕೆಯಿಂದ ಹೊಟ್ಟೆಗೆ ಇಳಿಸಿದರೆ ಫಲವಿಲ್ಲ. ಜಾತಕರ್ಮದಲ್ಲಿ ಜೇನುತುಪ್ಪಗಳನ್ನು ನೆಕ್ಕಿಸುವ ವಿಧಿಗೂ ಇದಕ್ಕೂ ಸಂಬಂಧ ಕಲ್ಪಿಸಲು ಮನಸ್ಸಾಗುವವರುಂಟು. ಗೃಹ್ಯಸೂತ್ರಕಾರರು ಮೇಧೆಯನ್ನೂ ಆಯುಸ್ಸನ್ನೂ ಕುರಿತು ಹೇಳಿದರೇ ಹೊರತು ವೇದನೆಯನ್ನು ಕುರಿತಲ್ಲ. ಮೇಲಾಗಿ, ಒಂದು ವರ್ಷ ತುಂಬುವವರೆಗೆ ಶಿಶುವಿಗೆ ಜೇನನ್ನು ಕೊಡಬಾರದೆಂದು ಇಂದಿನ ವೈದ್ಯರ ಖಚಿತವಾದ ಅಭಿಪ್ರಾಯ. ಅದರಲ್ಲಿ ಅಡಗಿರಬಹುದಾದ ಒಂದು ಬಗೆಯ ಕ್ರಿಮಿಬೀಜವು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನು ಹುಟ್ಟಿಸುತ್ತದೆ.

ಸಕ್ಕರೆಯ ವಿಷಯದಲ್ಲಿ ಗಂಭೀರವಾದ ಪೂರ್ವಪಕ್ಷವೊಂದಿದೆ. 2010ರಲ್ಲಿ ಸ್ಲೇಟರ್ ಮತ್ತು ಸಹಾಯಕರು ದಿನ ತುಂಬಿದ 59 ಶಿಶುಗಳಲ್ಲಿ ಕೆಲವಕ್ಕೆ ಸಕ್ಕರೆಯ ನೀರನ್ನೂ ಕೆಲವಕ್ಕೆ ಬರಿಯ ನೀರನ್ನೂ ಕೊಟ್ಟು ಹಿಮ್ಮಡಿಯನ್ನು ಚುಚ್ಚಿ, ಮಿದುಳಿನ ವಿದ್ಯುತ್ಸ್ಪಂದನಗಳನ್ನು ಅಳೆದರು. ಸಕ್ಕರೆ ಉಂಡವುಗಳ ಮುಖ ಶಾಂತವಾಗಿತ್ತು. ಮಿದುಳಿನ ಸ್ಪಂದನವು ಮಾತ್ರ ಎರಡು ಗುಂಪುಗಳಲ್ಲಿಯೂ ಒಂದೇ. ಹಾಗಾದರೆ ಸಕ್ಕರೆಯು ನೋವನ್ನು ಕಳೆಯಿತೋ, ನೋವಿನ ಮುಖವನ್ನು ಮಾತ್ರ ಅಳಿಸಿತೋ? ಮುಖ ಶಾಂತವಾದರೆ ಒಳಗೂ ಶಾಂತವೆಂದು ನಂಬುವುದು, ಹಿಂದೆ ಮೈ ಅಲುಗದಂತೆ ಮಾಡಿ ನೋವಿಲ್ಲವೆಂದು ನಂಬಿದ್ದುದಕ್ಕೆ ಸಮೀಪವಾಗಿದೆಯೆಂದು ಆಕ್ಷೇಪಿಸುವವರನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಉತ್ತರಪಕ್ಷದವರು ಹೇಳುವುದೇನೆಂದರೆ: ಅಳೆದ ಸ್ಪಂದನವು ಚುಚ್ಚಿದ ಸುದ್ದಿ ಮಿದುಳನ್ನು ತಲಪಿತೆಂಬುದಕ್ಕೆ ಗುರುತು, ಆ ಸುದ್ದಿಗೆ ಅಂಟಿಕೊಳ್ಳುವ ಸಂಕಟವು ಬೇರೆಯ ಮಾತು, ಸಿಹಿಯು ಆ ಸಂಕಟವನ್ನು ತಗ್ಗಿಸಬಹುದು. ಈ ವಾದ ಇನ್ನೂ ಮುಗಿದಿಲ್ಲ. ಮುಗಿಯುವವರೆಗೆ ಸಕ್ಕರೆಯನ್ನು ಕೊಡುವುದೇ ಮೇಲೆಂಬ ಬಹುಮತವು ಯುಕ್ತವಾಗಿ ತೋರುತ್ತದೆ. ಆದರೆ ದಿನಕ್ಕೆ ಹತ್ತಾರು ಸಲ ಕೊಡುವುದರಲ್ಲಿ ಎಚ್ಚರಿಕೆ ಬೇಕೆಂದು ಸಿಲೆಸ್ಟ್ ಜಾನ್ಸ್ಟನ್ ಅವರ 2002ರ ಅಧ್ಯಯನದಿಂದ ತಿಳಿಯುತ್ತದೆ.

ಪ್ರಬಲವಾದ ಔಷಧಿಗಳನ್ನೇ ಏಕೆ ಕೊಡಬಾರದೆಂದು ಕೇಳಬಹುದು. ಶಸ್ತ್ರಕ್ರಿಯೆಗೆ ಅವು ಅವಶ್ಯ. ನಿತ್ಯದ ಚಿಕ್ಕ ವಿಧಿಗಳಿಗೆ ಮಾತ್ರ ಅವು ಒದಗಿಬರಲಿಲ್ಲ. ಅಫೀಮಿನ ಸತ್ತ್ವವಾದ ಮಾರ್ಫೀನನ್ನು ಕಣ್ಣಿನ ಪರೀಕ್ಷೆಗೂ ಹಿಮ್ಮಡಿಯ ಚುಚ್ಚುವಿಕೆಗೂ ಮೊದಲು ಬಾಯಿಯ ಮೂಲಕ ಕೊಟ್ಟು ನೋಡಿದ ಇಂಗ್ಲೆಂಡಿನ ಪ್ರಯೋಗವೊಂದನ್ನು, ಉಸಿರಾಟಕ್ಕೆ ತೊಂದರೆ ಕಂಡುದರಿಂದ ನಡುವೆಯೇ ನಿಲ್ಲಿಸಬೇಕಾಯಿತು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ನೋವು ತಗ್ಗಿದುದೂ ಕಾಣಲಿಲ್ಲ. ಪ್ಯಾರಸಿಟಮಾಲು ಚುಚ್ಚಿದ ಕ್ಷಣದ ನೋವಿಗೆ ನಿಷ್ಫಲ. ಚರ್ಮವನ್ನು ಮರಗಟ್ಟಿಸುವ ಲೇಪವು ಹಿಮ್ಮಡಿಯ ಚುಚ್ಚುವಿಕೆಗೆ ಸಾಲದು. ಕಣ್ಣಿಗೆ ಹಾಕುವ ಮರಗಟ್ಟಿಸುವ ಹನಿಗಳು ಅಷ್ಟಿಷ್ಟು ಉಪಯುಕ್ತ.

ಹೀಗೆ ಔಷಧಿಗಳು ಕೈಬಿಟ್ಟಲ್ಲಿ ಸ್ಪರ್ಶವು ಕೈಹಿಡಿದಿದೆ. ಚುಚ್ಚುವ ಹೊತ್ತಿನಲ್ಲಿ ಇನ್ನೊಬ್ಬರು ಶಿಶುವಿನ ಕೈಕಾಲುಗಳನ್ನು ಗರ್ಭದಲ್ಲಿದ್ದಂತೆ ಮಡಿಸಿ ಎರಡು ಅಂಗೈಗಳ ನಡುವೆ ಮೆತ್ತಗೆ ಹಿಡಿದಿದ್ದರೆ ಬಡಿತದ ಏರಿಕೆ ತಗ್ಗುತ್ತದೆ, ಅಳು ಬೇಗ ನಿಲ್ಲುತ್ತದೆ. ಇದಕ್ಕಿಂತ ಮಿಗಿಲಾದುದು ತಾಯಿಯ ಎದೆ. ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ 1978–79ರಲ್ಲಿ ಎಡ್ಗರ್ ರೇ ಮತ್ತು ಹೆಕ್ಟರ್ ಮಾರ್ಟಿನೆಸ್ ಎಂಬ ವೈದ್ಯರು, ಕಾವುಪೆಟ್ಟಿಗೆಗಳು ಸಾಲದೆ ಒಂದರಲ್ಲಿ ಹಲವು ಕೂಸುಗಳನ್ನು ಮಲಗಿಸಬೇಕಾಗಿ ಬಂದಾಗ, ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ಆರಂಭಿಸಿದರು. ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟುಕೊಳ್ಳುವ ಪ್ರಾಣಿಯ ಹೆಸರಿನಿಂದ ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರಾಯಿತು. ಬಡತನಕ್ಕೆ ಪರಿಹಾರವಾಗಿ ಹುಟ್ಟಿದ ಇದರಲ್ಲಿ ವೇದನಾಹರವಾದ ಗುಣವೂ ಇದೆಯೆಂದು ಜಾನ್ಸ್ಟನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು: 32ರಿಂದ 36 ವಾರಗಳ ಶಿಶುಗಳು ಅರ್ಧ ಗಂಟೆ ತಾಯಿಯ ಎದೆಯ ಮೇಲಿದ್ದು ಅಲ್ಲಿಯೇ ಚುಚ್ಚಿಸಿಕೊಂಡಾಗ ಅವುಗಳ ನೋವಿನ ಅಂಕವು ಪೆಟ್ಟಿಗೆಯಲ್ಲಿ ಮಲಗಿದ್ದಾಗಿನದಕ್ಕಿಂತ ಕಡಿಮೆಯಾಗಿತ್ತು. ಈ ಆರೈಕೆಯನ್ನು ಒಂದು ಜಿಲ್ಲೆಯಲ್ಲೆಲ್ಲ ಹರಡುವ ಬಗೆಯನ್ನು ಕುರಿತು ಭಾರತ ಮತ್ತು ಇಥಿಯೋಪಿಯಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ನಮ್ಮ ಕೊಪ್ಪಳ ಜಿಲ್ಲೆಯೂ ಒಂದು ಕ್ಷೇತ್ರವಾಗಿದ್ದಿತು.

ತಾಯಿಯ ದನಿಗೂ ಶಕ್ತಿಯಿದೆ. ಇಟಲಿಯ ಆಓಸ್ತ ಪಟ್ಟಣದ ಆಸ್ಪತ್ರೆಯಲ್ಲಿ 20 ಅಪೂರ್ಣಮಾಸ ಶಿಶುಗಳ ಹಿಮ್ಮಡಿಯನ್ನು ಚುಚ್ಚುವಾಗ ತಾಯಂದಿರು ಒಮ್ಮೆ ಮಾತನಾಡುತ್ತಲೂ ಒಮ್ಮೆ ಹಾಡುತ್ತಲೂ ಇದ್ದರು. ಇನ್ನೊಮ್ಮೆ ಅವರು ಅಲ್ಲಿರಲಿಲ್ಲ. 2021ರಲ್ಲಿ ಪ್ರಕಟವಾದ ವರದಿಯಂತೆ, ತಾಯಿ ಮಾತನಾಡಿದಾಗ ನೋವಿನ ಅಂಕ ಇಳಿದಿತ್ತು; ವಾತ್ಸಲ್ಯರಸವೆನ್ನಬಹುದಾದ ಆಕ್ಸಿಟೋಸಿನ್ ಶಿಶುವಿನ ಜೊಲ್ಲಿನಲ್ಲಿ ಏರಿತ್ತು. ಅರ್ಥವನ್ನರಿಯದ ಕೂಸಿಗೆ ಅರ್ಥವುಳ್ಳ ಮಾತು ಹಾಡಿಗೆ ಕಡಿಮೆಯಿಲ್ಲದಂತೆ ಒದಗಿದ್ದು ವಿಚಾರಕ್ಕೆ ಆಸ್ಪದವಾಗಿದೆ. ಇಪ್ಪತ್ತು ಶಿಶುಗಳಿಂದ ಸಿದ್ಧಾಂತವನ್ನು ಮಾಡುವಂತಿಲ್ಲ.

ಇವೆಲ್ಲಕ್ಕೂ ತಾಯಿ ಬಾಗಿಲಿನಿಂದ ಒಳಗೆ ಬರಬೇಕು. ಅಂಟುರೋಗದ ಭಯದಿಂದ ಬಾಣಂತಿಯನ್ನು ಹೊರಗೆ ಕೂರಿಸಿ ಕೂಸನ್ನು ಒಳಗಿಡುವ ರೂಢಿ ಅನೇಕ ಕಡೆ ಇನ್ನೂ ಇದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳೂ ಸೇರಿ ನಡೆಸಿದ ಪ್ರಯೋಗದಲ್ಲಿ, ತೂಕವು ಒಂದು ಕಿಲೋಗ್ರಾಮಿಗೆ ಕಡಿಮೆಯಿಲ್ಲದೆ 1.8 ಕಿಲೋಗ್ರಾಮಿಗೆ ಕಡಿಮೆಯಿದ್ದ ಶಿಶುಗಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಕೊಟ್ಟು, ತಾಯಿಯ ಹಾಸಿಗೆಯನ್ನು ಶಿಶುಚಿಕಿತ್ಸೆಯ ಕೊಠಡಿಯೊಳಕ್ಕೇ ತಂದರು. 2021ರಲ್ಲಿ ಪ್ರಕಟವಾದ ಲೆಕ್ಕದಂತೆ, 28 ದಿನಗಳೊಳಗೆ ತೀರಿಹೋದ ಶಿಶುಗಳು ರೂಢಿಯ ಕ್ರಮದಲ್ಲಿ ನೂರಕ್ಕೆ 15.7 ಆಗಿದ್ದರೆ ಈ ಕ್ರಮದಲ್ಲಿ 12 ಆಗಿದ್ದುವು. ಆ ಕೊಠಡಿಯಲ್ಲಿ ಹಿಮ್ಮಡಿಯನ್ನು ಚುಚ್ಚುವ ದಾದಿಗೆ ತಾಯಿಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.